ಅಕ್ಕನ ಜೀಪಿಗೆ ವ್ಯಾನಿನ ಗೇರ್‌ಬಾಕ್ಸ್

ಫೆಬ್ರವರಿ 4, ಮಂಗಳವಾರ

ವ್ಯಾನಿನ ಎಂಜಿನ್ನು, ಗೇರ್‌ಬಾಕ್ಸು ಜೀಪಿನೊಳಗೆ ಕೂತವು. ಕೂತವು ಅನ್ನುವುದಕ್ಕಿಂತ ತುರುಕಿದೆ ಅನ್ನಬೇಕು. ಗೆಣ್ಣಿನ ಚರ್ಮ ಅರ್ಧ ಚಾಸಿಗೇ ಹೋಯಿತು.

ಈಗ ತಲೆನೋವು ಟ್ರಾನ್ಸ್‌ಫರ್ ಕೇಸ್. ಗೇರ್‌ಬಾಕ್ಸಿನ ಶಕ್ತಿಯನ್ನು ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಹಂಚುವುದು ಅದೇ. ಅದಿಲ್ಲದೆ ಗುಡ್ಡ ಹತ್ತಲ್ಲ. ಜೀಪಿನ ಹಳೇ ಕೇಸು ಗಟ್ಟಿಯಾಗಿದೆ, ಆದರೆ ಅದಕ್ಕೂ ವ್ಯಾನಿನ ಗೇರ್‌ಬಾಕ್ಸಿಗೂ ಎಣ್ಣೆ ಸೀಗೆಕಾಯಿ. ರೆಡಿಮೇಡ್ ಅಡಾಪ್ಟರ್ ಸಿಗುತ್ತೆ... ಆ ದುಡ್ಡಿಗೆ ಇನ್ನೊಂದು ಜೀಪೇ ಬರುತ್ತೆ. ಹಾಗಾಗಿ ಕೇಸನ್ನು ಹಿಂದಕ್ಕೆ ಸರಿಸಿ ಚಾಸಿಗೆ ನೇತುಹಾಕಿ, ನಡುವೆ ಗೇಣುದ್ದದ ಶಾಫ್ಟ್ ಕೊಡುವುದು. ಲೇತಿನಣ್ಣ ಕಡೆದು ಕೊಡುತ್ತಾನೆ.

ಸಂಜೆ ಅಕ್ಕ ಬಂದಳು. ತುಟಿ ಒಡೆದಿತ್ತು. ಬಾಗಿಲು ಬಡಿಯಿತಂತೆ. ಭಾವನ ಮನೆಯ ಬಾಗಿಲುಗಳಿಗೆಲ್ಲ ಕೈ ಬಂದಿರಬೇಕು.

ಗುಡ್ಡದ ಮೇಲಿನ ಟವರ್ ಕ್ಯಾಂಪಿನವರು ಅವಳಿಗೆ ಈ ತಿಂಗಳ ಕೊನೆಯವರೆಗೆ ಟೈಮ್ ಕೊಟ್ಟಿದ್ದಾರೆ. ಜೀಪು ತಂದರೆ ನೀರಿನ ಕ್ಯಾನು, ಸಿಲಿಂಡರು ಸಾಗಿಸುವ ಕೆಲಸ, ಜೊತೆಗೆ ಅಲ್ಲೇ ಒಂದು ರೂಮು. ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ರೂಮು. ತರದಿದ್ದರೆ ಭಾವನ ಮನೆಯೇ ಗತಿ.

ಫೆಬ್ರವರಿ 7

ಜೀಪಿನ ಹಳೇ ಗೇರ್‌ಬಾಕ್ಸಿನ ಮೇನ್‌ಶಾಫ್ಟ್ ಕತ್ತರಿಸಿ, ಹಲ್ಲಿನ ತುದಿ ಉಳಿಸಿಕೊಂಡು, ಇನ್ನೊಂದು ತುದಿಗೆ ಬೋಲ್ಟು ಹಾಕುವ ಬಿಲ್ಲೆ, ಫ್ಲ್ಯಾಂಜ್. ಲೇತಿನಣ್ಣ ಬೇರಿಂಗ್ ಕೂರುವ ಜಾಗವನ್ನು ಒಂದು ಕೂದಲು ಜಾಸ್ತಿ ಕಡೆದುಬಿಟ್ಟ. ಲೊಡಲೊಡ. ಪಿತ್ತ ನೆತ್ತಿಗೇರಿತು. ಸ್ಪ್ಯಾನರ್ ಬೀಸಿ ಒಗೆದೆ. ಅವನ ತಲೆಯ ಪಕ್ಕದ ತಗಡು ತೂತಾಯಿತು. ಅವನು ಲೇತು ನಿಲ್ಲಿಸಿ ನನ್ನನ್ನೇ ನೋಡಿದ. ಆಮೇಲೆ ಇನ್ನೊಂದು ತುಂಡು ಕಟ್ಟಿಕೊಂಡು ಮೊದಲಿಂದ ಶುರು ಮಾಡಿದ.

ಸಾರಿ ಹೇಳಬೇಕು. ನಾಳೆ ಹೇಳಿದರಾಯಿತು.

ಫೆಬ್ರವರಿ 11

ಕೇಸು ನೇತುಹಾಕಿದೆ. ಬೋಲ್ಟು ತೂರುವ ನಾಲ್ಕು ಕಿವಿಗೂ ರಬ್ಬರ್ ಬುಷ್. ಶಾಫ್ಟ್ ಬೆಣ್ಣೆಯಂತೆ ತಿರುಗುತ್ತಿದೆ. ಒಂದೇ ತೊಂದರೆ — ಈ ಜೀಪಿನ ಹ್ಯಾಂಡ್‌ಬ್ರೇಕ್ ಡ್ರಮ್ಮು ಇರುವುದೇ ಕೇಸಿನ ಬೆನ್ನಿಗೆ. ಹಿಂದೆ ಸರಿಸಿದ್ದಕ್ಕೆ ಚಾಸಿಗೆ ತಗಲುತ್ತೆ. ಬಿಚ್ಚಿ ಎಸೆದೆ. ಗೇರಿನಲ್ಲಿ ನಿಲ್ಲಿಸಿದರಾಯಿತು.

ಲೇತಿನಣ್ಣ ತಲೆ ಅಲ್ಲಾಡಿಸಿದ. ಟ್ರಾನ್ಸ್‌ಫರಿಗೂ ತನ್ನದೇ ಲಿವರ್ರು, ತನ್ನದೇ ನ್ಯೂಟ್ರಲ್ಲು ಇದೆಯಲ್ಲ, ಅದು ಜಾರಿತು ಅಂದರೆ ಗೇರಿಗೂ ಚಕ್ರಕ್ಕೂ ಸಂಬಂಧವೇ ಇರಲ್ಲ, ಗೇರ್ ಹಾಕಿದ್ದೂ ದಂಡ ಅಂದ. ಗೊತ್ತು ಮಾರಾಯ. ಗುಡ್ಡ ಹತ್ತಲಿ ಮೊದಲು. ಬ್ರೇಕು ಆಮೇಲೆ.

ಫೆಬ್ರವರಿ 14, ಮಧ್ಯಾಹ್ನ

ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಭಾವನಿಗೆ ಸುದ್ದಿ ಮುಟ್ಟಿದೆ. ನೇರ ಶೆಡ್ಡಿಗೆ ಬಂದ. ಸಮ್ಮಟಿಗೆ ನನ್ನದೇ, ಬಾಗಿಲಲ್ಲೇ ಇತ್ತು. ಜೀಪಿನ ಕೆಳಗೆ ಬಗ್ಗಿ ಎರಡೇ ಏಟು. ಕೇಸಿನ ಒಂದು ಕಿವಿ ಮುರಿದು ಬಿತ್ತು. ಎರಕದ ಕಬ್ಬಿಣ, ಬಿಸ್ಕತ್ತಿನ ಹಾಗೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಇಷ್ಟು ವರ್ಷ ‘ನೀವು’ ಅಂತಿದ್ದೆ. ಇವತ್ತು ಏಕವಚನಕ್ಕೆ ಇಳಿದೆ. ಜಾಕ್ ರಾಡ್ ಎತ್ತಿ ಬೆನ್ನಿಗೆ ಬಿಟ್ಟೆ. ಬಿದ್ದ. ಬಿದ್ದ ಮೇಲೂ ಬಿಟ್ಟೆ. ಪಕ್ಕೆಯೊಳಗೆ ಏನೋ ಲಟಕ್ಕೆಂದಿತು. ಆ ಸದ್ದು ಇಷ್ಟವಾಯಿತು. ಅಕ್ಕ ಓಡಿಬಂದು ಅವನ ಮೇಲೆ ಅಡ್ಡ ಬಿದ್ದಳು. ರಾಡ್ ಅವಳ ತಲೆಯ ಮೇಲೆ ಗೇಣಿನಷ್ಟು ದೂರದಲ್ಲಿ ನಿಂತಿತು.

ಅವನು ರಕ್ತ ಉಗುಳಿಕೊಂಡು ಎದ್ದುಹೋದ. ಅಕ್ಕ ಶೆಡ್ಡಿನ ಹಿಂದಿನ ಕೋಣೆಗೆ ಬಂದಳು. ಇನ್ನು ಅಲ್ಲಿಗೆ ಹೋಗಲ್ಲವಂತೆ. ನನ್ನ ಜೊತೆ ಮಾತ್ರ ಮಾತಿಲ್ಲ. ಯಾಕೋ.

ಫೆಬ್ರವರಿ 16

ಮುರಿದ ಕಿವಿಗೆ ಹಿತ್ತಾಳೆ ಬೆಸುಗೆ. ಲೇತಿನಣ್ಣ ಕೇಸನ್ನು ಕೆಂಪಗೆ ಕಾಯಿಸಿ, ಬೆಸೆದು, ಬೂದಿಯಲ್ಲಿ ಹೂತಿಟ್ಟ. ತಾನಾಗಿ ತಣಿಯಬೇಕಂತೆ. ಅವಸರ ಮಾಡಿದರೆ ಸೀಳುತ್ತೆ. ಇಡೀ ದಿನ ಬೂದಿಯ ಮುಂದೆ ಹಲ್ಲು ಕಡಿಯುತ್ತಾ ಕೂತಿದ್ದೆ.

ಫೆಬ್ರವರಿ 23, ಭಾನುವಾರ

ಹತ್ತಿತು!

ಕ್ಯಾಂಪಿನ ದಾರಿ, ಮೊಣಕಾಲುದ್ದ ಕೊರಕಲು. ಲೋ ಗೇರು, ನಾಲ್ಕೂ ಚಕ್ರ. ಅಕ್ಕನೇ ಓಡಿಸಿದಳು. ಕೇಸು ಗೊಣಗಿತು, ಬಿಸಿಯಾಯಿತು, ಬಿಡಲಿಲ್ಲ. ಮೇಲೆ ಹೋಗಿ ರೂಮು ನೋಡಿದಳು. ಮಂಚ, ಕಿಟಕಿ, ಚಿಲಕ. ಚಿಲಕ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ನಾನು ಹೊರಗೆ ನಿಂತು ನಗುತ್ತಿದ್ದೆ. ಒಳಗಿಂದ ಅವಳ ನಗುವೂ ಕೇಳಿಸಿತು. ಎಷ್ಟು ವರ್ಷವಾಗಿತ್ತೋ.

ಟ್ರಾನ್ಸ್‌ಫರ್ ಲಿವರ್ ಮಾತ್ರ ಲೂಸ್. ಒಳಗಿನ ಸ್ಪ್ರಿಂಗ್ ಸಾಲದು. ಹೊಸದು ಹಾಕಬೇಕು.

ಫೆಬ್ರವರಿ 25, ಸಂಜೆ

ಸ್ಪ್ರಿಂಗ್ ಹಾಕಿರಲಿಲ್ಲ.

ಜೀಪು ಅಂಗಳದಲ್ಲಿತ್ತು, ಮೂತಿ ಇಳಿಜಾರಿನ ಕೆಳಗಿನ ಗೇಟಿನ ಕಡೆಗೆ. ಎಂಜಿನ್ ಆಫ್. ಮೊದಲನೇ ಗೇರ್. ಅಕ್ಕ ಸೀಟಿನಲ್ಲಿ ಕೂತು ಕನ್ನಡಿ ಸರಿಮಾಡುತ್ತಿದ್ದಳು. ಭಾವ ಬಂದವನೇ ಜಡೆಗೆ ಕೈ ಹಾಕಿ ಎಳೆದ. ಅವಳ ಕಾಲು ಟ್ರಾನ್ಸ್‌ಫರ್ ಲಿವರಿಗೆ ಸಿಕ್ಕಿಕೊಂಡಿತು. ಟಕ್. ಆ ಸದ್ದು ನನಗೆ ಗೊತ್ತು. ನ್ಯೂಟ್ರಲ್. ಅವನು ಅವಳನ್ನು ನೆಲಕ್ಕೆ ಅಪ್ಪಳಿಸಿ, ಹೊಟ್ಟೆಗೆ ಒದ್ದು, ಜೀಪು ಹೊರಗೆ ಹೋಗದಿರಲಿ ಅಂತ ಗೇಟಿಗೆ ಬೀಗ ಹಾಕಲು ಹೋದ. ಬಗ್ಗಿ ಚಿಲಕ ಎಳೆಯುತ್ತಿದ್ದ. ಬೆನ್ನು ಈ ಕಡೆಗೆ.

ಚಕ್ರ ತಡೆದಿದ್ದ ಜಲ್ಲಿಕಲ್ಲು ಜಾರಿತು, ಜೀಪು ಹೊರಟಿತು. ಸದ್ದಿಲ್ಲದೆ.

ನಾನು ಅಷ್ಟರಲ್ಲಿ ಶೆಡ್ಡಿನಿಂದ ಓಡಿಬಂದು ಜೀಪಿನ ಪಕ್ಕ ತಲುಪಿದ್ದೆ. ಹಾರಿ ಬ್ರೇಕ್ ತುಳಿಯಬಹುದಿತ್ತು. ಕೂಗಬಹುದಿತ್ತು. ಎರಡೂ ಮಾಡಲಿಲ್ಲ. ಕೂಗಿದ್ದು ಅಕ್ಕ — “ರೀ...” ಅಂತ. ಅವನು ತಿರುಗಿದ. ತಡವಾಗಿತ್ತು. ಬಂಪರಿಗೂ ಗೇಟಿನ ಕಂಬಕ್ಕೂ ನಡುವೆ ಮಂಡಿ. ಮೂಳೆ ಬೆಳ್ಳಗೆ ಹೊರಗೆ ಬಂತು.

ಖುಷಿಯಾಯಿತು. ಇಲ್ಲಿ ಯಾರು ಓದುತ್ತಾರೆ, ಬರೆದೇ ಬಿಡುತ್ತೇನೆ. ತುಂಬಾ ಖುಷಿಯಾಯಿತು.

ಫೆಬ್ರವರಿ 26, ಬೆಳಿಗ್ಗೆ

ಆಸ್ಪತ್ರೆಯಿಂದ ಫೋನು. ಕಾಲು ತೆಗೆಯಬೇಕಂತೆ, ತಡ ಮಾಡಿದರೆ ವಿಷ ಏರುತ್ತಂತೆ. ಹೆಂಡತಿ ಸಹಿ ಬೇಕು. ಅಕ್ಕ ಚಪ್ಪಲಿ ಮೆಟ್ಟಿದಳು.

ನಾನು ಬಾಗಿಲಿಗೆ ಅಡ್ಡ ನಿಂತೆ. ಕೊಳೆಯಲಿ ಬಿಡು ಅಂದೆ. ಇದಕ್ಕೇನಾ ನಾನು ರಕ್ತ ಸುರಿಸಿ ಗಾಡಿ ಕಟ್ಟಿದ್ದು ಅಂದೆ. ಮಾತಿಗೆ ಮಾತು ಬೆಳೆಯಿತು ಅಂತಲೂ ಬರೆಯುವಂತಿಲ್ಲ, ಮಾತಾಡಿದ್ದೆಲ್ಲ ನಾನೇ. ಕೊನೆಗೆ ಅಕ್ಕ ಅಂದಿದ್ದು ಇಷ್ಟೇ.

“ಅವರನ್ನ ಬಿಟ್ಟು ಹೋಗೋದು ಬೇರೆ, ಸಾಯಲಿ ಅನ್ನೋದು ಬೇರೆ. ದಾರಿ ಬಿಡು.”

ಹೊಡೆದೆ. ಕೆನ್ನೆಗೆ. ಅದೇ ತುಟಿ ಮತ್ತೆ ಒಡೆಯಿತು.

ಅವಳು ಅಳಲಿಲ್ಲ. ಸೆರಗಿನಲ್ಲಿ ರಕ್ತ ಒರೆಸಿಕೊಂಡಳು.

“ಹೊಡೆಯೋ ಮುಂಚೆ ಅವರ ದವಡೆ ಬಿಗಿಯುತ್ತೆ. ನಿನ್ನದೂ ಹಾಗೇ ಬಿಗೀತು. ನೋಡ್ತಾನೇ ಇದ್ದೆ.”

ನಾನು ಪಕ್ಕಕ್ಕೆ ಸರಿದೆ. ಹೋದಳು.

ಫೆಬ್ರವರಿ 27

ಸಹಿ ಹಾಕಿದಳಂತೆ. ಕಾಲು ತೆಗೆದರಂತೆ. ಬದುಕಿದ್ದಾನೆ. ಲೇತಿನಣ್ಣ ಹೇಳಿದ್ದು. ಅಕ್ಕ ಕಳೆದ ರಾತ್ರಿ ಲೇತಿನಣ್ಣನ ಮನೆಯಲ್ಲೇ, ಅವನ ಹೆಂಡತಿಯ ಜೊತೆ ಇದ್ದಳಂತೆ. ಬೆಳಿಗ್ಗೆ ನಾನು ಅಂಗಡಿಗೆ ಹೋಗಿದ್ದಾಗ ಇಬ್ಬರೂ ಬಂದು ಜೀಪು ಒಯ್ದಿದ್ದಾರೆ. ನಾನು ಬರುವುದನ್ನು ಕಾಯದೆ. ಕಳ್ಳರ ಹಾಗೆ.

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದೇ ಅಂತ ಅಮ್ಮ ಅಪ್ಪನಿಗೆ ಹೇಳುತ್ತಿದ್ದಳು. ಅಪ್ಪ ಅದಕ್ಕೂ ಹೊಡೆಯುತ್ತಿದ್ದ.

ಫೆಬ್ರವರಿ 28

ನಡೆದೇ ಗುಡ್ಡ ಹತ್ತಿದೆ. ಜೇಬಿನಲ್ಲಿ ಹೊಸ ಸ್ಪ್ರಿಂಗು. ಅದನ್ನು ಹಾಕಿ, ಕ್ಷಮಿಸು ಅಂದು ಬರುವುದು ಅಂತ.

ಗೇಟಿನಲ್ಲಿ ಗಾರ್ಡು ತಡೆದ. ನಾನು ಯಾರು ಅಂತ ಕೇಳಿದ. ತಮ್ಮ ಅಂದೆ.

“ಅಕ್ಕಾವ್ರು ಇಬ್ಬರನ್ನ ಬಿಡಬೇಡಿ ಅಂದಿದ್ದಾರೆ. ಒಬ್ಬರು ಅವರ ಯಜಮಾನರು. ಇನ್ನೊಬ್ಬರು ನೀವೇ.”

ಅವನ ಕಾಲರ್ ಹಿಡಿದೆ. ಯಾವಾಗ ಹಿಡಿದೆನೋ ಗೊತ್ತಿಲ್ಲ. ಅವನು ಹೆದರಲಿಲ್ಲ, ಒಳಗೆ ತಿರುಗಿ ನೋಡಿದ. ಅಕ್ಕ ಅಲ್ಲೇ ನಿಂತಿದ್ದಳು, ಕ್ಯಾನು ಕೈಯಲ್ಲಿ. ನನ್ನ ಮುಖ ನೋಡಲಿಲ್ಲ. ದವಡೆ ನೋಡಿದಳು. ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ಕಾಲರ್ ಬಿಟ್ಟೆ. ಸ್ಪ್ರಿಂಗನ್ನು ಗಾರ್ಡಿನ ಕೈಗೆ ಕೊಟ್ಟು, ಲೇತಿನಣ್ಣನ ಹತ್ತಿರ ಹಾಕಿಸಿಕೊಳ್ಳಲು ಹೇಳಪ್ಪ ಅಂದೆ. ಇಳಿದು ಬಂದೆ. ದಾರಿಯುದ್ದಕ್ಕೂ ಬಾಯಿ ಸಡಿಲ ಬಿಡಲು ನೋಡಿದೆ. ಈಗಲೂ ಕನ್ನಡಿ ಮುಂದೆ ಕೂತು ನೋಡುತ್ತಿದ್ದೇನೆ, ಈ ದವಡೆ ಹೇಗೆ ಸಡಿಲವಾಗುತ್ತೆ ಅಂತ.