ಲಾರಿ ಮೋಟರ್ ಸುಟ್ಟಿಲ್ರಿ

ಏನ್ರೀ,

ರೊಟ್ಟಿ ಬಟ್ಟ್ಯಾಗ ಸುತ್ತಿಟ್ಟೀನಿ, ಬದನಿಕಾಯಿ ಪಲ್ಯ ಒಲಿ ಪಕ್ಕ ಐತಿ. ರಾತ್ರಿಪಾಳಿ ಮುಗಿಸಿ ಬಂದು ಹಸಕೊಂಡು ಮಲಗಬ್ಯಾಡ್ರಿ.

‘ಲಾರಿ ಮೋಟರ್ ಸುಟ್ಟೈತಿ, ಬಿಚ್ಚಿ ಡಬ್ಬಿಗೆ ಹಾಕು’ ಅಂತ ನಿನ್ನೆ ಆಟಿಕಿ ಲಾರಿ ಪಕ್ಕ ಬರದಿಟ್ಟಿದ್ರಿ. ಸುಟ್ಟಿಲ್ಲ. ಮೋಟರ್ ಅಷ್ಟ ಹೊರಗ ತಗದು ನೋಡಿದ್ರ ಚಂದಾಗಿ ತಿರುಗ್ತು. ಹಿಂದಿನ ಗಾಲಿ ಕೈಲೆ ತಿರುಗಿಸಾಕ ಹೋದೆ, ಅಲ್ಲಾಡಲಿಲ್ಲ. ಗಾಲಿ ಕಳಚಬಾರದಂತ ನೀವು ಅಚ್ಚಿನ ತುದಿ ಬಿರಡಿ ಗಾಲಿಗೆ ಗಟ್ಟಿ ಒತ್ತಿಬಿಟ್ಟೀರಿ, ಅದಕ್ಕ ಗಾಲಿ ಬಿಗಿದಿತ್ತು. ಒಂದೀಟು ಸಡಿಲ ಮಾಡಿದೆ, ಅಷ್ಟ. ಇಬ್ಬರೂ ಕುಂತು ಕಟ್ಟೋಣಂತ ತಂದ ಪ್ಲಾಸ್ಟಿಕ್ ಇಟ್ಟಿಗಿ ಇವು. ನೀವು ಹಗಲು ಕಟ್ಟತೀರಿ, ನಾನು ಸಂಜಿಗೆ ಕಟ್ಟತೀನಿ. ಜೋಡಿ ಕುಂತಿದ್ರ ಆಗ ಹೇಳತಿದ್ದೆ.

ನಿನ್ನೆ ಸಂಜಿ ಲಾರಿ ಅಡಗಿಮನಿಯಿಂದ ಬಾಗಿಲತನ ನೆಟ್ಟಗ ಓಡ್ತು. ‘ಇಲ್ನೋಡ್ರಿ’ ಅಂತ ಕೂಗೇಬಿಟ್ಟೆ. ಮನ್ಯಾಗ ಯಾರದಾರ? ಸ್ವಿಚ್ ಆರಿಸಿ, ಲಾರಿ ತೊಡಿ ಮ್ಯಾಲಿಟ್ಕೊಂಡೆ.

ಹಾಲು ಕಾಸಿಲ್ಲ, ನೀವ ಕಾಸಿಕೊಳ್ರಿ. ಸಿರುಗುಪ್ಪದ ಬಸ್ಸಿಗೆ ಹೊತ್ತಾತು, ಸಾಲಿಗೆ ತಡ ಆಗತೈತಿ.

ಬ್ಯಾಟರಿ ಪೆಟಗಿ ಹುಡುಕಬ್ಯಾಡ್ರಿ, ನನ್ನ ಬ್ಯಾಗಿನ್ಯಾಗ ಐತಿ. ಐತಾರ ನಿಮಗೂ ರಜ, ನನಗೂ ರಜ. ಅಲ್ಲೀತನ ಲಾರಿ ನಿಂತಿರ್ಲಿ.

ಪೂಜಿತಾ