ಬಚ್ಚಲುಮನೆಯ ನೆಲ ಒಡೆದ ಮೇಲೆ

ಭಾನುವಾರ, ಮಧ್ಯಾಹ್ನ
ತಾರೀಕು ಹದಿನೇಳು

ಎರಡನೇ ತರಗತಿಯ ಮೇಡಂ ಅವರಿಗೆ, ಅಂದರೆ ನನ್ನ ಹೆಂಡತಿಗೆ,

ಮದುವೆಯಾಗಿ ಹದಿನಾರು ವರ್ಷಕ್ಕೆ ನಾನು ನಿನಗೆ ಬರೆಯುತ್ತಿರುವ ಮೊದಲ ಕಾಗದ ಇದು. ಕಾಗುಣಿತ ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ಸುತ್ತು ಹಾಕು, ಆದರೆ ಪೂರ್ತಿ ಓದಿದ ಮೇಲೆ ಹಾಕು. ಫೋನ್ ಮಾಡಬಹುದಿತ್ತು. ಫೋನಿನಲ್ಲಾದರೆ ನಡುವೆ ನೀನು ಏನೋ ಕೇಳುತ್ತೀಯ, ನಾನು ಅದಕ್ಕೊಂದು ತಮಾಷೆಯ ಉತ್ತರ ಕೊಡುತ್ತೇನೆ, ಹೇಳಬೇಕಾದ್ದು ಹಾಗೇ ಉಳಿಯುತ್ತದೆ. ಒಂದು ವರ್ಷದಿಂದ ಹೀಗೇ ನಡೆದಿದೆ.

ಮೊದಲು ಮನೆಯ ವಿಷಯ. ನೀನು ಮಗಳನ್ನು ಕರೆದುಕೊಂಡು ನಿನ್ನ ಅಕ್ಕನ ಮನೆಗೆ ಹೋಗಿ ಇವತ್ತಿಗೆ ಏಳು ವಾರ. ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದ್ದು ನನಗೆ ಬಾಯಿಪಾಠವಾಗಿದೆ: "ಈ ಮನೆ ಮಾರ್ತೀರೋ ಬಿಡ್ತೀರೋ ನಿಮಗೆ ಬಿಟ್ಟಿದ್ದು, ನಾನಂತೂ ಇನ್ನು ಆ ಬಚ್ಚಲಿಗೆ ಕಾಲಿಡಲ್ಲ." ನಾನೂ ಹಟ ಬಿಡಲಿಲ್ಲ. ಮನೆ ಬಿಡುವುದು ಬೇಡ, ಇರುವ ಮನೆಯನ್ನೇ ಬೇರೆ ಥರ ಮಾಡೋಣ ಎಂದೆ. ವಾರಕ್ಕೊಂದು ನಕ್ಷೆ ಬರೆದು ಮಗಳ ಕೈಯಲ್ಲಿ ಕಳಿಸಿದೆ. ಅಡುಗೆಮನೆಗೆ ದೊಡ್ಡ ಕಿಟಕಿ, ನಿನ್ನ ಪುಸ್ತಕಗಳಿಗೆ ಮೆಟ್ಟಿಲ ಕೆಳಗೆ ಕಪಾಟು, ಬಚ್ಚಲನ್ನು ಹಿಂದಿನ ಅಂಗಳದ ಕಡೆಗೆ ತಳ್ಳಿ, ಈಗಿರುವ ಜಾಗದಲ್ಲಿ ಬಟ್ಟೆ ಮಡಚುವ ಕೋಣೆ. ನಾಲ್ಕನೆಯ ನಕ್ಷೆ ವಾಪಸ್ ಬಂತು. ಕೆಳಗೆ ನೀನು ಕೆಂಪು ಶಾಯಿಯಲ್ಲಿ "ನೋಡಿದೆ" ಎಂದು ಬರೆದು ಸಹಿ ಹಾಕಿದ್ದೆ. ಎಷ್ಟು ಅಂಕ ಅಂತಲಾದರೂ ಬರೆಯಬಾರದಿತ್ತೇ?

ಅಕ್ಕನ ಬೀದಿಯಲ್ಲೇ ಎರಡು ಕೋಣೆಯ ಬಾಡಿಗೆ ಮನೆ ನೋಡಿದ್ದೀಯಂತೆ, ಒಂದನೇ ತಾರೀಕಿನೊಳಗೆ ಉತ್ತರ ಹೇಳಬೇಕಂತೆ. ನಾನೂ ಬರಬೇಕೋ ಬೇಡವೋ ಎಂಬುದು ಈ ಮನೆ ಮಾರುವ ಬಗ್ಗೆ ನಾನು ಹೇಳುವ ಮಾತಿನ ಮೇಲೆ ನಿಂತಿದೆ ಎಂದು ನಿನ್ನ ಅಕ್ಕ ಫೋನಿನಲ್ಲಿ ಹೇಳಿದರು. ಮನೆ ಇರಲಿ, ಸಂಸಾರವೇ ಒಂದನೇ ತಾರೀಕಿಗೆ ಬಂದು ನಿಂತಿದೆ ಎನ್ನುವುದು ನನಗೆ ಅರ್ಥವಾಯಿತು.

ಅದಕ್ಕೇ ಕಳೆದ ಸೋಮವಾರ ಕೆಲಸಕ್ಕೆ ರಜೆ ಹಾಕಿ, ನಿನ್ನನ್ನು ಕೇಳದೆ, ಬಚ್ಚಲುಮನೆಯ ನೆಲ ಒಡೆಯಲು ಕೂತೆ. ಒಡೆದು ಮುಗಿಸಿದರೆ ನೀನು ಒಪ್ಪುತ್ತೀಯ ಎಂದುಕೊಂಡೆ. ಒಂದು ವಿಷಯ ಹೇಳಬೇಕು. ನಾನು ಇಪ್ಪತ್ತೆರಡು ವರ್ಷದಿಂದ ಟೈಲ್ಸ್ ಮೇಸ್ತ್ರಿ. ಟೈಲ್‌ನ ಕೆಳಗೆ ಗಾರೆ ಪೂರ್ತಿ ಹರಡಿದ್ದರೆ ಅದನ್ನು ಕೀಳುವುದು ಕಷ್ಟ, ಚೂರು ಚೂರಾಗಿ ಬರುತ್ತದೆ. ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು ಎಂದು ಐದು ಮುದ್ದೆ ಗಾರೆ ಇಟ್ಟು ಕೂರಿಸಿದ್ದರೆ ಉಳಿ ತಾಗಿಸಿದರೆ ಸಾಕು, ಹಪ್ಪಳದ ಹಾಗೆ ಎದ್ದು ಬರುತ್ತದೆ. ನಮ್ಮ ಬಚ್ಚಲಿನ ಟೈಲ್‌ಗಳೆಲ್ಲ ಹಪ್ಪಳದ ಹಾಗೆ ಎದ್ದು ಬಂದವು. ಒಂದು ಮಾತ್ರ ಬರಲಿಲ್ಲ. ಬಾಗಿಲ ಹತ್ತಿರ, ಎಡಗಡೆ ಮೂಲೆಯದು. ಅದನ್ನು ಅರ್ಧ ಗಂಟೆ ಹೊಡೆದೆ, ಕೈಯಲ್ಲಿ ಬೊಬ್ಬೆ ಎದ್ದವು. ನನ್ನ ಮನೆಯಲ್ಲಿ ನಾನು ಸರಿಯಾಗಿ ಕೂರಿಸಿದ ಟೈಲ್ ಅದೊಂದೇ. ಉಳಿ ಕೆಳಗಿಟ್ಟು ಹೊರಗೆ ಬಂದುಬಿಟ್ಟೆ. ಆವತ್ತಿನಿಂದ ಅಂಗಳದ ನಲ್ಲಿಯ ಹತ್ತಿರ ಸ್ನಾನ ಮಾಡುತ್ತಿದ್ದೇನೆ.

ನಿನ್ನೆ ಮಗಳು ಗಣಿತದ ಪುಸ್ತಕ ತೆಗೆದುಕೊಂಡು ಹೋಗಲು ಬಂದಿದ್ದಳು. ಒಡೆದ ನೆಲ ನೋಡಿ ನಿನ್ನ ವಿಷಯ ಹೇಳಿದಳು. "ಅಪ್ಪಾ, ದೊಡ್ಡಮ್ಮನ ಮನೇಲಿ ಯಾರು ಸ್ನಾನ ಮಾಡಿ ಬಂದ್ರೂ ಅಮ್ಮ ಬಟ್ಟೆ ಹಿಡ್ಕೊಂಡು ಒಳಗೆ ಹೋಗ್ತಾಳೆ. ನೆಲ ಒಣಗೋ ತನಕ ಯಾರನ್ನೂ ಬಿಡಲ್ಲ. ದೊಡ್ಡಪ್ಪ ಪಾಪ, ಒದ್ದೆ ಕಾಲಲ್ಲಿ ಹೊರಗೆ ಬರೋಕೂ ಹೆದರ್ತಾರೆ." ಹೇಳುತ್ತಾ ನಕ್ಕಳು. ನಾನೂ ನಕ್ಕೆ. ಅವಳು ಹೋದ ಮೇಲೆ ಈ ಕಾಗದಕ್ಕೆ ಹಾಳೆ ಹುಡುಕಿದೆ. ಮನೆ ಬದಲಾಯಿಸಿದರೆ ನಿನಗೆ ನೆಮ್ಮದಿಯಾಗುತ್ತದೆ ಎಂದು ನೀನು ತಿಳಿದಿದ್ದೀಯ, ನೆಲ ಬದಲಾಯಿಸಿದರೆ ಆಗುತ್ತದೆ ಎಂದು ನಾನು. ಎರಡೂ ಆಗುವುದಿಲ್ಲ. ನಿನಗೆ ನೆಮ್ಮದಿ ಇಲ್ಲದಿರುವುದು ನೀನು ಮಾಡದ ಒಂದು ತಪ್ಪಿಗೆ, ಮಾಡಿದವನು ನಾನು.

ಈಗ ಹೇಳಿಬಿಡುತ್ತೇನೆ.

ಆರು ವರ್ಷದ ಹಿಂದೆ, ನಿನ್ನ ಅಮ್ಮ ನಮ್ಮ ಜೊತೆ ಇರಲು ಬರುವ ಮೊದಲು, ಅವರಿಗಾಗಿ ಬಚ್ಚಲಿಗೆ ಹೊಸ ನೆಲ ಹಾಕಿದ್ದು ನೆನಪಿದೆಯಲ್ಲ. ಆಗ ನಾನು ಒಬ್ಬ ವಕೀಲರ ಮೂರಂತಸ್ತಿನ ಮನೆಯ ಕೆಲಸದಲ್ಲಿದ್ದೆ. ಅಲ್ಲಿ ಒಂದೊಂದು ಟೈಲನ್ನೂ ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತಿದ್ದೆ, ಟೊಳ್ಳು ಸದ್ದು ಬಂದರೆ ಕಿತ್ತು ಮತ್ತೆ ಹಾಕಿಸುತ್ತಿದ್ದೆ. ಐದು ಮುದ್ದೆ ಇಟ್ಟು ಕೂರಿಸಿದ ಒಬ್ಬ ಕೆಲಸಗಾರನಿಗೆ ಎಲ್ಲರೆದುರು ಬೈದು ಮನೆಗೆ ಕಳಿಸಿದ್ದೆ. ಆಮೇಲೆ ಸಂಜೆ ಮನೆಗೆ ಬಂದು, ಅಲ್ಲಿ ಉಳಿದ ಟೈಲ್‌ಗಳನ್ನು, ಅದೇ ಐದು ಮುದ್ದೆ ಇಟ್ಟು, ಒಂದೇ ಸಂಜೆಯಲ್ಲಿ ಹಾಕಿ ಮುಗಿಸಿದೆ. ನಮ್ಮದೇ ಮನೆ ತಾನೆ, ಯಾರು ಕೇಳುತ್ತಾರೆ ಎಂದುಕೊಂಡೆ. ತಟ್ಟಿ ನೋಡಲೂ ಇಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ನೀನು ನನ್ನನ್ನು ರೇಗಿಸುತ್ತಿದ್ದೆ, ಪಕ್ಕದ ಮನೆಯವರ ನಲ್ಲಿ ರಿಪೇರಿ ಮಾಡಲು ಓಡುವಾಗ. ಅದು ತಮಾಷೆಯ ಮಾತಾಗಿ ಉಳಿಯಲಿಲ್ಲ.

ಹೋದ ವರ್ಷ ಅತ್ತೆ ಆ ಬಚ್ಚಲಲ್ಲಿ ಬಿದ್ದ ದಿನ ನಾನು ಕೆಲಸದ ಜಾಗದಿಂದ ನೇರ ಆಸ್ಪತ್ರೆಗೆ ಬಂದೆ. ಮಧ್ಯಾಹ್ನ ನೀನು ಹೊದಿಕೆ, ಫ್ಲಾಸ್ಕ್ ತರಲು ನನ್ನನ್ನು ಮನೆಗೆ ಕಳಿಸಿದೆ. ಬಚ್ಚಲಿಗೆ ಹೋಗಿ ನೋಡಿದೆ. ನೀನು ಬೆಳಿಗ್ಗೆ ಬಟ್ಟೆ ಒಗೆದ ಸೋಪಿನ ನೀರು ಆ ಕಡೆ, ನೀರು ಹೋಗುವ ಜಾಲರಿಯ ಸುತ್ತ ಒಣಗಿ ಬಿಳಿಯಾಗಿತ್ತು. ಬಾಗಿಲ ಮೂಲೆಗೆ ಅದು ಬಂದೇ ಇರಲಿಲ್ಲ. ಆ ಮೂಲೆಯ ಟೈಲ್ ಒಂದು ಕಡೆ ಬಿರುಕು ಬಿಟ್ಟು, ಇನ್ನೊಂದು ಕಡೆ ಬೆರಳು ದಪ್ಪ ಎದ್ದು ನಿಂತಿತ್ತು. ಒತ್ತಿದರೆ ತೊಟ್ಟಿಲಿನ ಹಾಗೆ ತೂಗುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ನೆಲವೇ ಡೊಂಕಾಗಿತ್ತು. ಅದು ನನಗೆ ಗೊತ್ತಾದದ್ದು ಆಗಲೇ.

ಆಮೇಲೆ ನಾನು ಮಾಡಿದ್ದನ್ನು ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ. ಆಸ್ಪತ್ರೆಗೆ ಓಡಬೇಕಾದವನು ಗಾರೆ ಕಲಸಿದೆ. ಒಡೆದದ್ದನ್ನು ಕಿತ್ತು, ಹಳೆಯ ಪೆಟ್ಟಿಗೆಯಲ್ಲಿ ಉಳಿದಿದ್ದ ಒಂದು ಟೈಲ್ ತೆಗೆದು, ಕೆಳಗೆ ಪೂರ್ತಿ ಗಾರೆ ಹರಡಿ, ಸಮವಾಗಿದೆಯೇ ಎಂದು ರಸಮಟ್ಟ ಇಟ್ಟು ನೋಡಿ ಕೂರಿಸಿದೆ. ಕೊನೆಗೆ ಗೆಣ್ಣಿನಿಂದ ತಟ್ಟಿಯೂ ನೋಡಿದೆ. ಚೂರುಗಳನ್ನು ಚೀಲದಲ್ಲಿ ಕಟ್ಟಿ ಕೆಲಸದ ಜಾಗದಲ್ಲಿ ಬಿಸಾಕಿದೆ. ತಡವಾಗಿ ಬಂದದ್ದಕ್ಕೆ ಬಸ್ಸು ಸಿಗಲಿಲ್ಲ ಎಂದು ನಿನಗೆ ಹೇಳಿದೆ.

ಹತ್ತೊಂಬತ್ತು ದಿನ ಅತ್ತೆ ಸೊಂಟ ಮುರಿದುಕೊಂಡು ಮಲಗಿದ್ದರು, ಇಪ್ಪತ್ತನೇ ದಿನ ಇರಲಿಲ್ಲ. ಅವತ್ತು ಆಸ್ಪತ್ರೆಯ ಮೊಗಸಾಲೆಯಲ್ಲಿ ಎಲ್ಲರೆದುರು ನೀನು ಎದೆ ಬಡಿದುಕೊಂಡು ಅಳುತ್ತಾ, "ಸೋಪಿನ ನೀರು ಹಾಗೇ ಬಿಟ್ಟಿದ್ದೆ ರೀ, ನನ್ನಿಂದಲೇ ಆಯ್ತು" ಎಂದೆ. ನಾನು ನಿನ್ನ ತಲೆ ಸವರಿ, "ಹೋಗ್ಲಿ ಬಿಡು, ಅವಸರದಲ್ಲಿ ಯಾರ ಕೈಲಾದ್ರೂ ಆಗುತ್ತೆ" ಎಂದೆ. ಅಂದರೆ, ನನ್ನ ತಪ್ಪಿಗೆ ನಿನ್ನನ್ನು ಕ್ಷಮಿಸಿದೆ. ನಿನ್ನ ಅಕ್ಕ ಕಣ್ಣೊರೆಸಿಕೊಂಡು, ಇಂಥ ಗಂಡ ಸಿಗೋಕೆ ನೀನು ಪುಣ್ಯ ಮಾಡಿದ್ದೆ ಎಂದರು. ಆ ಮಾತಿಗೆ ನಾನು ತಲೆ ತಗ್ಗಿಸಿದೆ. ಅದನ್ನೂ ವಿನಯ ಎಂದೇ ತಿಳಿದರು.

ಹೇಳಬಾರದೆಂದು ಇರಲಿಲ್ಲ. ನಾಳೆ, ನಾಳಿದ್ದು ಎನ್ನುತ್ತಾ ಹೋದೆ. ನೀನು ನನ್ನ ಮೇಲೆ ಒರಗಿ ಅಳುವುದು ನಿಂತುಹೋದರೆ ಎಂಬ ಭಯವೂ ಇತ್ತು. ಮನೆ ಮಾರಲು ಒಪ್ಪದಿದ್ದಕ್ಕೆ ನಾನು ಕೊಟ್ಟ ಕಾರಣ ನಿನಗೆ ಗೊತ್ತು: ಈ ಮನೆಯ ಗೋಡೆ, ನೆಲ ಎಲ್ಲ ನನ್ನ ಕೈಯಿಂದ ಆದದ್ದು, ಬಿಡಲು ಮನಸ್ಸಿಲ್ಲ ಎಂದೆ. ಅದು ಅರ್ಧ ನಿಜ. ಕೊಳ್ಳುವವರು ಒಬ್ಬ ಮೇಸ್ತ್ರಿಯನ್ನು ಕರೆತಂದು ತಟ್ಟಿಸಿ ನೋಡಿದರೆ, ನೆಲವೆಲ್ಲ ಟೊಳ್ಳು, ಇದೊಂದೇ ಗಟ್ಟಿ, ಯಾಕೆ ಎಂದು ನಿನ್ನೆದುರು ಕೇಳಿಯಾನು ಎಂಬುದು ಉಳಿದರ್ಧ. ನಕ್ಷೆ ಬರೆದದ್ದೆಲ್ಲ ಆ ನೆಲವನ್ನು ನಾನೇ ಒಡೆದು ಹಾಕುವುದಕ್ಕೆ.

ಈಗ ಮನೆಯ ತೀರ್ಮಾನ ನಿನ್ನದು. ಮಾರೋಣ ಎಂದರೆ ಸಹಿ ಹಾಕುತ್ತೇನೆ. ಇಲ್ಲೇ ಇರೋಣ ಎಂದರೆ ಹೊಸ ನೆಲವನ್ನು ಬೇರೆ ಮೇಸ್ತ್ರಿಯ ಕೈಯಲ್ಲಿ ಹಾಕಿಸುತ್ತೇನೆ, ನೀನೇ ನಿಂತು ತಟ್ಟಿ ನೋಡು. ನೀನು ಮತ್ತು ಮಗಳು ಮಾತ್ರ ಆ ಬಾಡಿಗೆ ಮನೆಗೆ ಹೋಗುತ್ತೇವೆ ಎಂದರೆ ಸಾಮಾನು ಹೊರಲು ಬರುತ್ತೇನೆ, ಹೊಸಿಲು ದಾಟುವುದಿಲ್ಲ. ಒಂದೇ ಕೇಳಿಕೆ. ಈ ಕಾಗದ ಓದಿದ ಮೇಲೆ ಅಕ್ಕನ ಮನೆಯ ಬಚ್ಚಲು ಒರೆಸಬೇಡ. ನಿನ್ನಿಂದ ಏನೂ ಆಗಿಲ್ಲ.

ಉತ್ತರ ಬರೆಯದಿದ್ದರೂ ಆಗುತ್ತದೆ.

ನಿನ್ನ
ಮೇಸ್ತ್ರಿ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಡಿಸಿದ್ದೇನೆ. ನನಗೆ ಗೊತ್ತಾದದ್ದು ಆ ಮಧ್ಯಾಹ್ನವೇ ಎಂದು ಮೇಲೆ ಬರೆದದ್ದು ಸುಳ್ಳು. ಮೂರು ವಾರ ಮೊದಲೇ ಅತ್ತೆ ನನಗೆ ಹೇಳಿದ್ದರು, ಬಾಗಿಲ ಹತ್ತಿರದ ಕಲ್ಲು ಕಾಲಿಟ್ಟರೆ ಅಲ್ಲಾಡುತ್ತದೆ ಎಂದು. ಭಾನುವಾರ ನೋಡುತ್ತೇನೆ ಎಂದೆ. ಮೂರು ಭಾನುವಾರ ಹೋದವು. ಆಸ್ಪತ್ರೆಯಲ್ಲಿ ಹದಿನೆಂಟನೇ ದಿನ ಅವರು ಕಣ್ಣು ಬಿಟ್ಟು ನನ್ನನ್ನೇ ನೋಡಿ, "ಅಳಿಯಂದ್ರೇ, ಆ ಕಲ್ಲು ಸರಿ ಮಾಡಿದ್ರಾ? ಅವಳು ಕಾಲಿಟ್ಟಾಳು" ಎಂದರು. ನೀನು ಬಗ್ಗಿ, ಯಾವ ಕಲ್ಲಮ್ಮಾ ಎಂದು ಮೂರು ಸಲ ಕೇಳಿದೆ. ಜ್ವರಕ್ಕೆ ಏನೇನೋ ಕನವರಿಸುತ್ತಾರೆ ಎಂದು ನಿನಗೆ ಹೇಳಿದವನು ನಾನು. ಆವತ್ತು ಅವರಿಗೆ ಜ್ವರ ಇರಲಿಲ್ಲ.