ಮಾವನನ್ನು ದೂಡಿದ ಸೊಸೆಗೆ

ಮನೆಯಿಂದ,
ಹನ್ನೊಂದನೇ ತಾರೀಖು, ಶನಿವಾರ

ನನ್ನ ಮುದ್ದಿನ ಪುಟ್ಟಿಗೆ, ನಿನ್ನ ಅತ್ತೆ ಮಾಡುವ ಆಶೀರ್ವಾದ.

ಭುಜದ ನೋವು ಹೇಗಿದೆ? ಡಾಕ್ಟರು ಹೇಳಿದ ವ್ಯಾಯಾಮ ಮಾಡುತ್ತಿದ್ದೀಯಾ, ಇಲ್ಲ ಮಾಡಿದೆ ಎಂದು ನನ್ನ ಮಗನಿಗೆ ಫೋನಿನಲ್ಲಿ ಸುಳ್ಳು ಹೇಳುತ್ತಿದ್ದೀಯಾ? ಕಂಪನಿ ಹಾಸ್ಟೆಲಿನ ಊಟ ಬಾಯಿಗಿಡಲಾಗದಿದ್ದರೂ ಹೊತ್ತಿಗೆ ಸರಿಯಾಗಿ ಉಣ್ಣು. ನಾವಿಲ್ಲಿ ಚೆನ್ನಾಗಿದ್ದೇವೆ. ನನ್ನ ಮಂಡಿ ಎಂದಿನಂತೆ ತಕರಾರು ಮಾಡುತ್ತಿದೆ. ನಿನ್ನ ಮಾವನ ಬಿಪಿ ನನ್ನ ಮೇಲೆ ರೇಗಾಡುವಷ್ಟರ ಮಟ್ಟಿಗೆ ಸುಧಾರಿಸಿದೆ. ಫೋನ್ ಮಾಡಿದರೆ ನೀನು "ಹೂಂ ಅತ್ತೆ, ಹೂಂ ಅತ್ತೆ" ಅಂದು ಇಟ್ಟುಬಿಡುತ್ತೀ, ಅದಕ್ಕೇ ಈ ಪತ್ರ.

ನೀನು ಇನ್ನು ವಿಮಾನ ಹತ್ತುವುದಿಲ್ಲವಂತೆ. ಗಗನಸಖಿಯ ಕೆಲಸ ಸಾಕು, ಕೆಳಗೆ ಕೌಂಟರಿನಲ್ಲಿ ಕೂರಿಸಿ ಎಂದು ಅರ್ಜಿ ಬರೆದಿಟ್ಟಿದ್ದೀಯಂತೆ. ಬೆಂಕಿಗೆ ಹೆದರಿ ಅಲ್ಲ, ಮಾವನ ಮೇಲೆ ಕೈ ಮಾಡಿದೆನಲ್ಲ, ಮತ್ತೆ ಆ ಬಾಗಿಲಲ್ಲಿ ಹೇಗೆ ನಿಲ್ಲಲಿ ಎಂದು ಕೊರಗುತ್ತಿದ್ದೀ ಎಂದು ಮಗ ಹೇಳಿದ. ಕೇಳಿ ನನಗೆ ಸಿಟ್ಟೇ ಬಂತು.

ಅವತ್ತಿನ ಕಥೆ ನನಗೆ ಬಾಯಿಪಾಠವಾಗಿದೆ. ನಿನ್ನ ಮಾವ ಮೊದಲ ವಾರ ಬಾಯಿ ಬಿಡಲಿಲ್ಲ, ಆಮೇಲೆ ಮುಚ್ಚಲಿಲ್ಲ. ಅವರು ಕೂತಿದ್ದ ನಿನ್ನ ವಿಮಾನ ತೀರ ಎತ್ತರದಿಂದ, ತೀರ ವೇಗವಾಗಿ ಇಳಿಯಿತಂತೆ. ಮೇಲೆತ್ತಿ ಇನ್ನೊಂದು ಸುತ್ತು ಹಾಕಿ ಬರಬೇಕಿದ್ದ ಪೈಲಟ್ ಹೇಗೋ ಆಗುತ್ತೆ ಎಂದು ಇಳಿಸಿಯೇಬಿಟ್ಟನೆಂದು ತನಿಖೆಯವರೂ ಹೇಳುತ್ತಿದ್ದಾರೆ. ರನ್‌ವೇ ಅರ್ಧ ಮುಗಿದ ಮೇಲೆ ಚಕ್ರ ನೆಲ ಮುಟ್ಟಿತು. ಒದ್ದೆ ನೆಲದಲ್ಲಿ ಬ್ರೇಕು ಸಾಲದೆ ವಿಮಾನ ಬೇಲಿ ಮುರಿದುಕೊಂಡು ಹುಲ್ಲಿಗೆ ನುಗ್ಗಿತು. ಎಡಗಡೆ ಬೆಂಕಿ. ನೀನು ಕಿಟಕಿಯಲ್ಲಿ ನೋಡಿ, ಆ ಕಡೆಯ ಬಾಗಿಲು ಮುಟ್ಟದೆ, ಬಲಗಡೆಯದನ್ನು ತೆರೆದು ರಬ್ಬರಿನ ಜಾರುಬಂಡಿ ಬಿಚ್ಚಿದೆ. "ಬ್ಯಾಗ್ ಬಿಡಿ, ಬನ್ನಿ, ಜಾರಿ" ಎಂದು ನೀನು ಕೂಗಿದ್ದು ಅವರ ಕಿವಿಯಲ್ಲಿ ಇನ್ನೂ ಇದೆಯಂತೆ.

ಎಲ್ಲರೂ ಬ್ಯಾಗ್ ಬಿಟ್ಟರು, ನಿನ್ನ ಮಾವ ಬಿಡಲಿಲ್ಲ. ಹೆಡ್ಮಾಸ್ಟರಾಗಿದ್ದವರು ನೋಡು. ಅವರು ಕೆಮ್ಮಿದರೆ ಹಳೇ ವಿದ್ಯಾರ್ಥಿಗಳು ಈಗಲೂ ಎದ್ದು ನಿಲ್ಲುತ್ತಾರೆ. ಅವರಿಗೇ ಜೋರು ಮಾಡುವವರು ಅದುವರೆಗೆ ಹುಟ್ಟಿರಲಿಲ್ಲ. ಸಾಲದ್ದಕ್ಕೆ, ವಿಮಾನ ಹತ್ತುವಾಗಲೇ ಅಕ್ಕಪಕ್ಕದವರಿಗೆಲ್ಲ "ಅವಳು ನಮ್ಮ ಸೊಸೆ" ಎಂದು ಹೇಳಿಕೊಂಡಿದ್ದರಂತೆ. ಸೊಸೆಯ ವಿಮಾನದಲ್ಲಿ ಮಾವನಿಗೆಂಥ ಕಾನೂನು ಎಂಬ ಠೀವಿಯಲ್ಲಿ ದಾರಿಗಡ್ಡ ನಿಂತು ಮೇಲಿನ ಖಾನೆಯಿಂದ ಬ್ಯಾಗು ಎಳೆಯುತ್ತಿದ್ದರು. ಹಿಂದೆ ಮಗು ಎತ್ತಿಕೊಂಡ ಹೆಂಗಸೊಬ್ಬಳು ಹೊಗೆಯಲ್ಲಿ ಕೆಮ್ಮುತ್ತಿದ್ದಳು. ನೀನು ಬಂದವಳೇ ಬ್ಯಾಗು ಕಿತ್ತೆಸೆದು, ಅವರ ಕಾಲರ್ ಹಿಡಿದು ಬಾಗಿಲ ತನಕ ಎಳೆದು, ಬೆನ್ನಿಗೆ ಕೈಯಿಟ್ಟು ದೂಡಿದೆ. ಭುಜ ಉಳುಕದೆ ಇರುತ್ತದೆಯೇ? ಆ ದೇಹವನ್ನು ಮಂಚದಿಂದ ಎಬ್ಬಿಸುವುದರಲ್ಲೇ ನನಗೆ ದಿನಾ ಸಾಕುಸಾಕಾಗುತ್ತದೆ.

ವಾರ ಕಳೆದು ಬಾಯಿ ಬಿಟ್ಟಾಗ ಅವರು ಮೊದಲು ಅಂದದ್ದು "ನನ್ನ ಕಾಲರ್ ಹಿಡಿದ್ಬಿಟ್ಲು ಕಣೇ" ಎಂದು. "ಹಿಡೀದೆ ಇದ್ದಿದ್ರೆ ನಾನೀಗ ನಿಮ್ಮ ಫೋಟೋ ಜೊತೆ ಮಾತಾಡ್ತಿದ್ದೆ" ಅಂದೆ. ಮೊನ್ನೆ ಅವರ ಅಕ್ಕ ಬಂದು, ಸೊಸೆಯಾದವಳು ಹೀಗೆ ಮಾಡುವುದೇ ಎಂದು ರಾಗ ಎಳೆದರು. ಇವರು ಪೇಪರಿನಿಂದ ತಲೆಯೆತ್ತದೆ, "ಅವಳು ಹಾಗೆ ಮಾಡಿದ್ದಕ್ಕೇ ನಾನಿವತ್ತು ಇಲ್ಲಿ ಕೂತು ನಿನ್ನ ಮಾತು ಕೇಳೋ ಹಾಗಾಯ್ತು. ಅದೊಂದೇ ನನ್ನ ಬೇಜಾರು" ಅಂದರು. ಅತ್ತಿಗೆ ಕಾಫಿ ಪೂರ್ತಿ ಕುಡಿಯದೆ ಎದ್ದರು.

ಆಸ್ಪತ್ರೆಯಲ್ಲಿ ನೀನು "ತಪ್ಪಾಯ್ತು ಮಾವ" ಅಂದಾಗ ಅವರು ಮುಖ ತಿರುಗಿಸಿದ್ದು ನಿಜ. ನೀನು ಅದನ್ನೇ ಹಿಡಿದುಕೊಂಡಿದ್ದೀ. ನಾನು ಆ ಕಡೆ ನಿಂತಿದ್ದೆ ಪುಟ್ಟಿ, ಅವರ ಕಣ್ಣು ತುಂಬಿತ್ತು. ಹೆಡ್ಮಾಸ್ಟರು ಅಳುವುದನ್ನು ಯಾರೂ ನೋಡಬಾರದಲ್ಲ, ಅದಕ್ಕೆ ಗೋಡೆ ನೋಡಿದರು. ನನಗಂತೂ ಹೆಮ್ಮೆಯಿಂದ ಎದೆ ಉಬ್ಬಿದೆ. ಮಾವನ ಮುಖ ನೋಡಿ ನೀನು ಒಂದು ಗಳಿಗೆ ಸುಮ್ಮನಿದ್ದಿದ್ದರೂ ಆ ತಾಯಿಮಗುವಿನ ಗತಿ ಏನಾಗುತ್ತಿತ್ತು? ಒಬ್ಬೊಬ್ಬರನ್ನೂ ಇಳಿಸಿ ಕೊನೆಗೆ ಇಳಿದವಳು ನೀನು. ತರಕಾರಿ ಅಂಗಡಿಯಲ್ಲಿ ಯಾರೂ ಕೇಳದಿದ್ದರೂ ಇದನ್ನು ಹೇಳಿ ಬರುತ್ತಿದ್ದೇನೆ.

ಅರ್ಜಿ ಕೊಡುವುದು ಬಿಡುವುದು ನಿನ್ನಿಷ್ಟ. ಮಾವನ ಹೆಸರು ಹೇಳಿ ಮಾತ್ರ ಕೊಡಬೇಡ. ಭುಜ ಜೋಪಾನ. ನೂರು ಕಾಲ ಸುಖವಾಗಿರು.

ನಿನ್ನ
ಅತ್ತೆ

ಮರೆತಿದ್ದೆ: ನಿನ್ನ ನಾದಿನಿಗೆ ಮುಂದಿನ ತಿಂಗಳು ಹೆರಿಗೆ, ಅಪ್ಪ ಬರಲೇಬೇಕೆಂದು ಹಟ. ಇನ್ನು ಸತ್ತರೂ ವಿಮಾನ ಹತ್ತೆನೆಂದಿದ್ದ ನಿನ್ನ ಮಾವ ಇವತ್ತು ನನಗೂ ಹೇಳದೆ ನಿಮ್ಮ ಕಂಪನಿಯ ಟಿಕೆಟ್ ಆಫೀಸಿಗೆ ಹೋಗಿದ್ದಾರೆ. ಅಲ್ಲಿಯ ಹುಡುಗಿ ಈಗಷ್ಟೇ ಫೋನ್ ಮಾಡಿದ್ದಳು. ಯಾವ ದಿನಕ್ಕೆ ಬೇಕು ಸಾರ್ ಎಂದರೆ, "ನಮ್ಮ ಸೊಸೆ ಬಾಗಿಲಲ್ಲಿ ನಿಂತಿರೋ ದಿನಕ್ಕೆ ಕೊಡಮ್ಮ" ಎಂದು ಪಟ್ಟು ಹಿಡಿದು ಕೂತಿದ್ದಾರಂತೆ. ಪಾಪ ಆ ಹುಡುಗಿ, ಯಾವ ತಾರೀಖು ಹಾಕಲಿ ಎಂದು ನನ್ನನ್ನು ಕೇಳುತ್ತಾಳೆ. ಸೊಸೆಯನ್ನು ಕೇಳಿ ಹೇಳುತ್ತೇನೆ ಅಂದಿದ್ದೇನೆ.